ನಮ್ಮ ಮಕ್ಕಳ ದಮ್ಮು

(ಸಂಘದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳ ಆರೋಗ್ಯದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯಕಾರಿ ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಡಾಕ್ಟರನಲ್ಲ, ವ್ಯಾಯಾಮದ ಮಾಸ್ತರನೂ ಅಲ್ಲ. ಏಳನೆಯ ತರಗತಿ ಮುಗಿಸಿ 2003ರಲ್ಲಿ ಮುಂಬಯಿಗೆ ಬಂದು ಹೋಟೆಲಿನ ಮೇಜು ಒರೆಸಿದವನು. ಆಮೇಲೆ ಟ್ರೇ ಹಿಡಿದವನು. ಈಗ ನಿಮ್ಮ ಸಂಘದ ಚೀಟಿ ಹಿಡಿದು ಹೋಟೆಲಿನಿಂದ ಹೋಟೆಲಿಗೆ ತಿರುಗುವವನು. ಈ ವಿಷಯವನ್ನು ನನಗಿಂತ ಚೆನ್ನಾಗಿ ಹೇಳುವವರು ಬೇಕಾದಷ್ಟು ಜನರಿದ್ದಾರೆ. ಆದರೆ ಅವರು ಹೇಳುವ ಸಭೆಗಳಿಗೆ ನಮಗೆ ರಜೆ ಸಿಗುವುದಿಲ್ಲ. ಆದುದರಿಂದ ನಾನು ಓದಿ, ಕೇಳಿ, ತಿಳಿದುಕೊಂಡದ್ದನ್ನು ನಮ್ಮ ಮಾತಿನಲ್ಲಿ ನಿಮ್ಮ ಮುಂದೆ ಇಡುತ್ತೇನೆ.

ನಮ್ಮವರ ಮನಸ್ಸಿನಲ್ಲಿ ಒಂದು ಲೆಕ್ಕವಿದೆ. ಕುಳಿತವನು ಧಣಿ, ಓಡುವವನು ಆಳು. ಗಲ್ಲಾದಲ್ಲಿ ಕುಳಿತವರು ಶೇಟರು. ಭಟಾರಖಾನೆಯಿಂದ ಮೇಜಿಗೆ, ಮೇಜಿನಿಂದ ಮೋರಿಗೆ ಓಡುವವರು ನಾವು. ಗಿರಣಿಯ ಆಫೀಸಿನಲ್ಲಿ ಕುಳಿತವರು ಗುಮಾಸ್ತರು; ಮಗ್ಗದ ಮುಂದೆ ಪಾಳಿ ಮುಗಿಯುವ ತನಕ ನಿಂತವರು ಇಲ್ಲಿ ಮುಂದಿನ ಸಾಲಿನಲ್ಲಿರುವ ನಮ್ಮ ಹಿರಿಯರು. ಆದುದರಿಂದ ನಾವೆಲ್ಲ ಒಂದೇ ಹರಕೆ ಹೊತ್ತಿದ್ದೇವೆ: ನನ್ನ ಮಗ ನನ್ನ ಹಾಗೆ ಓಡಬಾರದು, ಕುರ್ಚಿಯ ಮೇಲೆ ಕುಳಿತು ಉಣ್ಣಬೇಕು. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ನಾವು ಮಾಡುತ್ತಿರುವುದೇನು? ಇಪ್ಪತ್ತೈದನೆಯ ವಯಸ್ಸಿಗೆ ಸಿಗಬೇಕಾದ ಕುರ್ಚಿಯನ್ನು ಆರನೆಯ ವಯಸ್ಸಿಗೇ ಕೊಟ್ಟುಬಿಟ್ಟಿದ್ದೇವೆ. ಬೆಳಿಗ್ಗೆ ರಿಕ್ಷಾದಲ್ಲಿ ಕುಳಿತು ಶಾಲೆಗೆ, ಶಾಲೆಯಲ್ಲಿ ಬೆಂಚು, ಸಂಜೆ ಟ್ಯೂಶನ್ನಿನಲ್ಲಿ ಚಾಪೆ, ರಾತ್ರಿ ಖೋಲಿಯ ಮೂಲೆಯಲ್ಲಿ ಮೊಬೈಲು. ಮಗು ಕಾಲು ಆಡಿಸುವುದು ಯಾವಾಗ ಎಂದು ನಿಮ್ಮ ನಿಮ್ಮ ಮನೆಯ ದಿನಚರಿಯನ್ನು ಒಮ್ಮೆ ಎಣಿಸಿ ನೋಡಿ.

ನಮ್ಮ ವಸತಿಯಲ್ಲಿ ಒಬ್ಬ ಹುಡುಗನಿದ್ದಾನೆ, ಹನ್ನೊಂದು ವರ್ಷ. ಕಡ್ಡಿಯ ಹಾಗೆ ಸಪೂರ. ಲಿಫ್ಟು ಕೆಟ್ಟ ದಿವಸ ಮೂರನೆಯ ಮಾಳಿಗೆಯಲ್ಲಿ ಮೆಟ್ಟಿಲ ಮೇಲೆ ಕುಳಿತು ಏದುಸಿರು ಬಿಡುತ್ತಿದ್ದ. ಅವನ ತಾಯಿ, "ನಮ್ಮವನಿಗೆ ಬೊಜ್ಜು ಇಲ್ಲವಲ್ಲ ಅಣ್ಣಾ, ಮತ್ತೇಕೆ ಹೀಗೆ?" ಎಂದು ಕೇಳಿದರು. ಇದು ನಮ್ಮಲ್ಲಿ ಬಹಳ ಜನರ ಪ್ರಶ್ನೆ. ತೆಳ್ಳಗಿರುವ ಮಗು ಗಟ್ಟಿಯಾಗಿದೆ ಎಂದು ನಾವು ತಿಳಿಯುತ್ತೇವೆ, ಹಾಗಲ್ಲ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು ಅಲ್ಲಿಯ ಸುತ್ತಣ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳೊಡನೆ ಹೋಲಿಸಿ 2003ರಲ್ಲಿ ಪ್ರಕಟಿಸಿದರು. ನಮ್ಮ ಕೂಸುಗಳ ಸರಾಸರಿ ತೂಕ 2.7 ಕಿಲೋ, ಅವರದು 3.5 ಕಿಲೋ. ಅಷ್ಟು ಸಣ್ಣ ಮೈಯಲ್ಲಿ ಕಡಿಮೆಯಾಗಿದ್ದುದು ಮಾಂಸಖಂಡ. ಚರ್ಮದ ಕೆಳಗಿನ ಕೊಬ್ಬು ಅದಕ್ಕೆ ಹೋಲಿಸಿದರೆ ಉಳಿದುಕೊಂಡೇ ಇತ್ತು. ಹೊರಗೆ ಸಪೂರ, ಒಳಗೆ ಕೊಬ್ಬು. ತಕ್ಕಡಿ ನೋಡಿ ಮಗುವಿನ ಶಕ್ತಿಯನ್ನು ಅಳೆಯಲು ಬರುವುದಿಲ್ಲ. ಅಳೆಯಬೇಕಾದದ್ದು ದಮ್ಮನ್ನು.

ಈ ದಮ್ಮು ಎಂದರೇನು? ಹೋಟೆಲಿನವರಿಗೆ ಇದನ್ನು ತಿಳಿಸಲು ನನಗೆ ಕಷ್ಟವಿಲ್ಲ. ನಮ್ಮ ಮೈಯ ಮಾಂಸಖಂಡಗಳೆಲ್ಲ ಹಸಿದ ಗಿರಾಕಿಗಳು. ಅವರಿಗೆ ಬೇಕಾದದ್ದು ಪ್ರಾಣವಾಯು. ಶ್ವಾಸಕೋಶವೇ ಭಟಾರಖಾನೆ. ರಕ್ತವೇ ತಟ್ಟೆ. ಹೃದಯವೇ ಸಪ್ಲಾಯರ್. ಹೊಸದಾಗಿ ಊರಿನಿಂದ ಬಂದ ಹುಡುಗ ಕೈಗೊಂದರಂತೆ ಎರಡು ತಟ್ಟೆ ಹಿಡಿಯುತ್ತಾನೆ. ಗಿರಾಕಿ ಹೆಚ್ಚಾದರೆ ಓಡಿ ಓಡಿ ಸುಸ್ತಾಗುತ್ತಾನೆ. ಪಳಗಿದವನು ಮೊಣಕೈ ತನಕ ಆರು ತಟ್ಟೆ ಜೋಡಿಸಿಕೊಂಡು ಸಾವಕಾಶವಾಗಿ ನಡೆಯುತ್ತಾನೆ, ಯಾವ ಮೇಜೂ ಕಾಯುವುದಿಲ್ಲ. ದಿನವೂ ಓಡಿ ಆಡುವ ಮಗುವಿನ ಹೃದಯ ಈ ಎರಡನೆಯವನ ಹಾಗೆ. ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುತ್ತದೆ; ಆದುದರಿಂದ ಸುಮ್ಮನೆ ಕುಳಿತಾಗ ಅದರ ನಾಡಿ ನಿಧಾನವಾಗಿರುತ್ತದೆ, ಓಡಿದ ಮೇಲೆ ಬೇಗ ಶಾಂತವಾಗುತ್ತದೆ. ಮಾಂಸಖಂಡಗಳಲ್ಲಿಯೂ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಇದರಲ್ಲಿ ಹುಟ್ಟಿನಿಂದ ಬಂದ ಪಾಲೂ ಇದೆ, ಅದನ್ನು ನಾವು ಬದಲಿಸಲಾರೆವು. ಉಳಿದ ಪಾಲು ಅಭ್ಯಾಸದ್ದು. ಅಭ್ಯಾಸ ಬಿಟ್ಟರೆ ಕೆಲವು ವಾರಗಳಲ್ಲಿಯೇ ಇಳಿಯತೊಡಗುತ್ತದೆ. ಕಳೆದ ವರ್ಷ ಓಟದಲ್ಲಿ ಬಹುಮಾನ ಬಂದಿತ್ತು ಎಂದು ಈ ವರ್ಷ ನಿಶ್ಚಿಂತೆಯಿಂದ ಇರಲಾಗದು.

ಮಕ್ಕಳಿಗೆ ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆಯವರು 2020ರಲ್ಲಿ ಹೊರಡಿಸಿದ ಸೂಚನೆಯಂತೆ, ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ. ವಾರದಲ್ಲಿ ಮೂರು ದಿನವಾದರೂ ಜೋರಾದ ಓಟ, ಆಟ ಮತ್ತು ಎಲುಬು ಮಾಂಸಖಂಡಗಳನ್ನು ಗಟ್ಟಿ ಮಾಡುವಂಥ ಚಟುವಟಿಕೆ. ಒಂದೇ ಸಲ ಅರವತ್ತು ನಿಮಿಷ ಆಗಬೇಕೆಂದೇನೂ ಇಲ್ಲ, ಹತ್ತು ಇಲ್ಲಿ ಇಪ್ಪತ್ತು ಅಲ್ಲಿ ಸೇರಿಸಬಹುದು. ಯಂತ್ರವಿಲ್ಲದೆ ಇದನ್ನು ಅಳೆಯುವ ಉಪಾಯವೂ ಇದೆ. ಮಗು ನಡೆಯುತ್ತಾ ಮಾತಾಡಬಲ್ಲದು, ಆದರೆ ಹಾಡಲಾರದು ಎಂದರೆ ಮಧ್ಯಮ. ನಾಲ್ಕು ಶಬ್ದ ಆಡಿ ಉಸಿರು ಎಳೆಯಬೇಕಾದರೆ ಜೋರು. ಹಾಡುತ್ತಾ ಹೋಗುತ್ತಿದೆ ಎಂದರೆ ಅದು ಸಂಚಾರ. ಕೆಟ್ಟದ್ದಲ್ಲ, ಆದರೆ ಆ ಅರವತ್ತರ ಲೆಕ್ಕಕ್ಕೆ ಬಾರದು. ನಮ್ಮ ಹುಡುಗರು ಭಾನುವಾರ ಗಲ್ಲಿಯಲ್ಲಿ ಮೂರು ಗಂಟೆ ಕ್ರಿಕೆಟ್ ಆಡಿ ಬಂದರು ಎಂದು ನಾವು ಸಂತೋಷಪಡುತ್ತೇವೆ. ಆ ಮೂರು ಗಂಟೆಯಲ್ಲಿ ಒಬ್ಬೊಬ್ಬ ಹುಡುಗ ಎಷ್ಟು ಓಡಿದ ಎಂದು ನಿಂತು ನೋಡಿ. ಹೆಚ್ಚಿನವರು ಗೋಡೆಗೆ ಒರಗಿ ತಮ್ಮ ಸರದಿಗೆ ಕಾಯುತ್ತಿರುತ್ತಾರೆ. ಹದಿನೈದು ನಿಮಿಷದ ಖೋಖೋ ಅದಕ್ಕಿಂತ ಹೆಚ್ಚು ಬೆವರು ತರಿಸೀತು. (ಸಭೆಯಲ್ಲಿ ನಗು) ಕ್ರಿಕೆಟ್ಟಿನವರು ನನ್ನ ಮೇಲೆ ಸಿಟ್ಟಾಗಬಾರದು.

ಇದು ನಮ್ಮ ಚಾಳಿನ ಕಥೆ ಮಾತ್ರವಲ್ಲ. 146 ದೇಶಗಳ ಶಾಲಾ ಮಕ್ಕಳ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದರು. 2016ರ ಆ ಲೆಕ್ಕದಂತೆ ಹನ್ನೊಂದರಿಂದ ಹದಿನೇಳು ವರ್ಷದ ಮಕ್ಕಳಲ್ಲಿ ನೂರಕ್ಕೆ 81 ಮಂದಿಗೆ ದಿನದ ಒಂದು ಗಂಟೆ ಆಗುತ್ತಿರಲಿಲ್ಲ. ಹುಡುಗರಲ್ಲಿ 78, ಹುಡುಗಿಯರಲ್ಲಿ 85. ನಮ್ಮ ದೇಶದಲ್ಲಿ ನಾಲ್ವರಲ್ಲಿ ಸುಮಾರು ಮೂವರು. ಶ್ರೀಮಂತ ದೇಶಗಳಲ್ಲಿಯೂ ಇದೇ ಗತಿ. ಆಸ್ಟ್ರೇಲಿಯದ ಗ್ರಾಂಟ್ ಟಾಮ್‌ಕಿನ್ಸನ್ ಎಂಬ ವಿದ್ವಾಂಸರು ಅನೇಕ ದೇಶಗಳ ಹಳೆಯ ಓಟದ ದಾಖಲೆಗಳನ್ನು ಸೇರಿಸಿ 2013ರಲ್ಲಿ ತಿಳಿಸಿದ್ದೇನೆಂದರೆ, ಒಂದು ಮೈಲಿ ಓಡಲು ಮಕ್ಕಳು ಮೂವತ್ತು ವರ್ಷಗಳ ಹಿಂದಿನ ಮಕ್ಕಳಿಗಿಂತ ಸುಮಾರು ಒಂದೂವರೆ ನಿಮಿಷ ಹೆಚ್ಚು ತೆಗೆದುಕೊಳ್ಳುತ್ತಿದ್ದರು. ಒಂದು ತಲೆಮಾರಿನ ಒಳಗೆ ಮಕ್ಕಳ ಹುಟ್ಟುಗುಣ ಬದಲಾಗುವುದಿಲ್ಲ. ಬದಲಾದದ್ದು ಅವರ ದಿನಚರಿ.

ಓಡಾಟಕ್ಕೂ ಹೃದಯಕ್ಕೂ ಇರುವ ಸಂಬಂಧವನ್ನು ಜಗತ್ತಿಗೆ ಮೊದಲು ಲೆಕ್ಕಸಮೇತ ತೋರಿಸಿಕೊಟ್ಟವರು ನಮ್ಮಂಥ ಕೆಲಸಗಾರರೇ ಎಂದರೆ ನಿಮಗೆ ಹೆಮ್ಮೆಯಾದೀತು. 1953ರಲ್ಲಿ ಡಾ. ಜೆರಿ ಮಾರಿಸ್ ಎಂಬವರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನ ಡ್ರೈವರರನ್ನೂ ಕಂಡಕ್ಟರರನ್ನೂ ಹೋಲಿಸಿದರು. ಅದೇ ಬಸ್ಸು, ಹೆಚ್ಚುಕಡಿಮೆ ಅದೇ ಮಟ್ಟದ ಸಂಬಳ, ಅದೇ ಊರು. ಡ್ರೈವರ್ ದಿನವಿಡೀ ಕುಳಿತವನು. ಕಂಡಕ್ಟರ್ ದಿನಕ್ಕೆ ಐನೂರಕ್ಕೂ ಮೇಲ್ಪಟ್ಟು ಮೆಟ್ಟಿಲು ಹತ್ತಿಳಿಯುವವನು. ಕಂಡಕ್ಟರರಲ್ಲಿ ಹೃದಯದ ಕಾಯಿಲೆ ಕಡಿಮೆ. ಬಂದರೂ ತಡವಾಗಿ ಬಂದಿತ್ತು, ಬಂದ ಕೂಡಲೇ ಸಾಯುವುದೂ ಕಡಿಮೆ. ಮುಂಬಯಿಯ ಹಿರಿಯರು ಬೆಸ್ಟ್ ಸಂಸ್ಥೆಯ ಹಳೆಯ ಡಬಲ್ ಡೆಕ್ಕರಿನಲ್ಲಿ ಕಂಡಕ್ಟರ್ ಟಿಕೆಟ್ ಪೆಟ್ಟಿಗೆ ಹಿಡಿದು ಹತ್ತಿಳಿಯುತ್ತಿದ್ದುದನ್ನು ನೋಡಿದ್ದಾರೆ. ಆ ಡೀಸೆಲ್ ಬಸ್ಸುಗಳು 2023ರಲ್ಲಿ ನಿಂತವು. ಮಾರಿಸ್ ಸಾಹೇಬರು ಪ್ರಾಮಾಣಿಕರು. 1956ರಲ್ಲಿ ಸಮವಸ್ತ್ರದ ಪ್ಯಾಂಟಿನ ಅಳತೆಗಳನ್ನು ತೆಗೆಸಿ ನೋಡಿ, ಡ್ರೈವರರ ಸೊಂಟ ಕೆಲಸಕ್ಕೆ ಸೇರುವಾಗಲೇ ಸ್ವಲ್ಪ ದಪ್ಪ ಎಂಬುದನ್ನೂ ಅವರೇ ಬರೆದರು. ಆದರೂ ಆಮೇಲಿನ ಅನೇಕ ಪರೀಕ್ಷೆಗಳಲ್ಲಿ ಅವರ ಮೂಲ ಮಾತು ನಿಂತಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಈ ಮಾತನ್ನು ಹಿಡಿದುಕೊಂಡು, "ನೋಡಿ, ಓಡುವುದು ಒಳ್ಳೆಯದಂತೆ, ಹುಡುಗರು ಹೋಟೆಲಿನಲ್ಲಿ ಓಡಲಿ" ಎನ್ನುವ ಧಣಿಗಳೂ ಇದ್ದಾರೆ. ನಾನು ಹದಿಮೂರನೆಯ ವಯಸ್ಸಿನಲ್ಲಿ ಬೆಳಿಗ್ಗೆ ಐದರಿಂದ ರಾತ್ರಿ ಹತ್ತರ ತನಕ ನಿಂತಿದ್ದೆ. ರಾತ್ರಿ ಕಾಲು ಬಾತುಕೊಂಡಿರುತ್ತಿತ್ತು. ಅದರಿಂದ ನನ್ನ ದಮ್ಮು ಬೆಳೆಯಲಿಲ್ಲ, ಎತ್ತರವೂ ಬೆಳೆಯಲಿಲ್ಲ. ಬಿಡುವಿಲ್ಲದೆ ನಿಲ್ಲುವುದು, ಭಾರ ಹೊರುವುದು, ಅರೆಹೊಟ್ಟೆ, ಅರೆನಿದ್ದೆ — ಇದು ವ್ಯಾಯಾಮವಲ್ಲ, ಸವೆತ. ಮಗುವಿಗೆ ಬೇಕಾದದ್ದು ಮನಸ್ಸು ಬಂದಾಗ ಓಡಿ, ಸುಸ್ತಾದಾಗ ನಿಂತು, ಮತ್ತೆ ಓಡುವ ಸ್ವಾತಂತ್ರ್ಯ. ಹೋಟೆಲು ಢಾಬಾಗಳಲ್ಲಿ ಹದಿನಾಲ್ಕರ ಒಳಗಿನವರನ್ನು ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದ ಕಾಯಿದೆಗೆ ವಿರೋಧ. 2016ರ ತಿದ್ದುಪಡಿಯಿಂದ ಮಿಕ್ಕ ಉದ್ಯೋಗಗಳಿಗೂ ಅದೇ ನಿಯಮವಾಗಿ, ಶಾಲೆಯ ಹೊತ್ತು ತಪ್ಪಿಸದೆ ಮನೆಯವರ ಕೆಲಸದಲ್ಲಿ ಕೈಜೋಡಿಸುವಂಥ ಒಂದೆರಡು ವಿನಾಯಿತಿ ಮಾತ್ರ ಉಳಿಯಿತು. ಅಂಥ ಹುಡುಗನನ್ನು ಯಾವ ಹೋಟೆಲಿನಲ್ಲಿ ಕಂಡರೂ ಸಂಘಕ್ಕೆ ತಿಳಿಸಿ.

ಇನ್ನು ನಿಮ್ಮ ಮನಸ್ಸಿನಲ್ಲಿರುವ ದೊಡ್ಡ ಪ್ರಶ್ನೆಗೆ ಬರುತ್ತೇನೆ. "ಆಟಕ್ಕೆ ಬಿಟ್ಟರೆ ಓದು ಹಾಳಾಗುವುದಿಲ್ಲವೇ? ನಾವು ಹೊಟ್ಟೆ ಕಟ್ಟಿ ಫೀಸು ಕೊಡುತ್ತೇವೆ." ನ್ಯಾಯವಾದ ಪ್ರಶ್ನೆ. ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಟ್ರೊಯ್ ರಿವಿಯೇರ್ ಎಂಬ ಊರಿದೆ. ಅಲ್ಲಿ 1970ರಿಂದ 1977ರ ತನಕ ಪ್ರಾಥಮಿಕ ಶಾಲೆಯ ಒಂದು ಪಂಗಡದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಯಂತೆ ವಾರಕ್ಕೆ ಐದು ಗಂಟೆ ಹೆಚ್ಚಿನ ವ್ಯಾಯಾಮ ಕೊಟ್ಟರು. ಆ ಸಮಯವನ್ನು ತೆಗೆದದ್ದು ಪಾಠದ ಅವಧಿಯಿಂದಲೇ. ಪಾಠ ನೂರಕ್ಕೆ ಹದಿಮೂರು ಹದಿನಾಲ್ಕರಷ್ಟು ಕಡಿಮೆಯಾಯಿತು. ವರ್ಷಗಳ ನಂತರ ನೋಡಿದರೆ ಆ ಮಕ್ಕಳ ಅಂಕಗಳು ಉಳಿದವರಿಗಿಂತ ಕೆಳಗೆ ಬಿದ್ದಿರಲಿಲ್ಲ. ಒಟ್ಟಿನಲ್ಲಿ ತುಸು ಮೇಲೆಯೇ ಇದ್ದವು. ಆಟ ಆಡಿದವರೆಲ್ಲ ಮೊದಲ ರ‍್ಯಾಂಕು ಬರುತ್ತಾರೆಂದು ನಾನು ಹೇಳುವುದಿಲ್ಲ. ಓದಿಗೆ ನಷ್ಟವಿಲ್ಲ ಎಂದಷ್ಟೇ ಹೇಳುತ್ತೇನೆ. ನಮಗೆ ಅಷ್ಟು ಸಾಕು.

ಖರ್ಚಿನ ಮಾತೂ ಕೇಳಿಬರುತ್ತದೆ. ಕೋಚಿಂಗ್ ಕ್ಲಬ್ಬು, ಈಜುಕೊಳ, ಸಾವಿರಾರು ರೂಪಾಯಿಯ ಬೂಟು. ಇದಕ್ಕೆ ಉತ್ತರ ಸ್ಕಾಟ್‌ಲೆಂಡಿನ ಸ್ಟರ್ಲಿಂಗ್ ಊರಿನ ಸೇಂಟ್ ನಿನಿಯನ್ಸ್ ಎಂಬ ಪ್ರಾಥಮಿಕ ಶಾಲೆಯಲ್ಲಿದೆ. 2012ರಲ್ಲಿ ಅಲ್ಲಿಯ ಮುಖ್ಯೋಪಾಧ್ಯಾಯಿನಿ ಇಲೇನ್ ವೈಲಿಯವರು, ತಮ್ಮ ಮಕ್ಕಳಿಗೆ ಸ್ವಲ್ಪ ಓಡಿದರೂ ಸುಸ್ತಾಗುತ್ತದೆಂದು ಕಂಡು, ದಿನಕ್ಕೆ ಹದಿನೈದು ನಿಮಿಷ ಶಾಲೆಯ ಸುತ್ತ ಓಡಿಸತೊಡಗಿದರು. ಹಾಕಿಕೊಂಡ ಬಟ್ಟೆಯಲ್ಲಿಯೇ. ಪಂದ್ಯವಿಲ್ಲ, ಬಹುಮಾನವಿಲ್ಲ, ಓಡಲಾರದವರು ನಡೆದರು. ಇದಕ್ಕೆ "ಡೈಲಿ ಮೈಲ್" ಎಂದು ಹೆಸರಾಯಿತು. ಅಲ್ಲಿಯ ಎರಡು ಶಾಲೆಗಳನ್ನು ಹೋಲಿಸಿ 2018ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಹೀಗೆ ಓಡಿದ ಶಾಲೆಯ ಮಕ್ಕಳ ಚಟುವಟಿಕೆ ದಿನಕ್ಕೆ ಒಂಬತ್ತು ನಿಮಿಷದಷ್ಟು ಹೆಚ್ಚಿ, ದಮ್ಮಿನ ಪರೀಕ್ಷೆಯಲ್ಲಿ ಓಡಿದ ದೂರ ಸುಮಾರು ನಲವತ್ತು ಮೀಟರ್ ಮುಂದೆ ಹೋಯಿತು. ದೊಡ್ಡ ಪವಾಡವಲ್ಲ. ಆದರೆ ಒಂದು ಕಾಸೂ ಖರ್ಚಾಗಲಿಲ್ಲ. ನಮ್ಮ ಮಕ್ಕಳ ಶಾಲೆಗಳಲ್ಲಿ ಪಿ.ಟಿ. ಪೀರಿಯಡ್ಡನ್ನು ಗಣಿತದ ಮಾಸ್ತರರು ಕೇಳಿ ತೆಗೆದುಕೊಂಡರೆ ಯಾವ ಪಾಲಕರೂ ದೂರು ಕೊಡುವುದಿಲ್ಲ. ಗಣಿತದ ಪೀರಿಯಡ್ಡನ್ನು ಪಿ.ಟಿ. ಮಾಸ್ತರರು ಕೇಳಿ ನೋಡಲಿ!

ತಾಯಂದಿರು ಇಷ್ಟು ಜನ ಬಂದಿರುವುದರಿಂದ ಹುಡುಗಿಯರ ವಿಷಯವನ್ನು ಪ್ರತ್ಯೇಕವಾಗಿ ಹೇಳುತ್ತೇನೆ. ಹತ್ತು ವರ್ಷದ ತನಕ ಕುಂಟಾಟ, ಹಗ್ಗದಾಟ ಆಡಿದ ಹುಡುಗಿ ಹನ್ನೆರಡಕ್ಕೆ ಮನೆಯೊಳಗೆ ಬರುತ್ತಾಳೆ. ನೀರು ತುಂಬಿಸುವುದು, ತಮ್ಮನನ್ನು ನೋಡಿಕೊಳ್ಳುವುದು. ಹೊರಗೆ ಹೋದರೆ ಜನರ ಕಣ್ಣು, ಮೈದಾನದ ಹತ್ತಿರ ಶೌಚಾಲಯವಿಲ್ಲ. ತಿಂಗಳ ದಿನಗಳಲ್ಲಿ ಆಡಲೇಬಾರದೆಂಬ ನಂಬಿಕೆ ಬೇರೆ. ಆರಾಮವಿದ್ದರೆ ಆಡಲು ಯಾವ ಅಡ್ಡಿಯೂ ಇಲ್ಲ. ಇನ್ನೊಂದು ಮುಖ್ಯ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಹದಿನೈದರಿಂದ ಹತ್ತೊಂಬತ್ತು ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇತ್ತು. ಮೊದಲು ಹೇಳಿದ ತಟ್ಟೆಯ ಮಾತನ್ನು ನೆನಪಿಗೆ ತಂದುಕೊಳ್ಳಿ; ಸಪ್ಲಾಯರ್ ಎಷ್ಟು ಚುರುಕಾಗಿದ್ದರೂ ತಟ್ಟೆಗಳೇ ಕಡಿಮೆ ಇದ್ದರೆ ಅವನೇನು ಮಾಡುತ್ತಾನೆ? ಮೆಟ್ಟಿಲು ಹತ್ತುವಾಗ ಸುಸ್ತಾಗುವ ಹುಡುಗಿಯನ್ನು ಸೋಮಾರಿ ಎಂದು ಬಯ್ಯುವ ಮೊದಲು ನಗರಪಾಲಿಕೆಯ ದವಾಖಾನೆಗೆ ಕರೆದುಕೊಂಡು ಹೋಗಿ ರಕ್ತ ತೋರಿಸಿ. ಮೊದಲು ಕಬ್ಬಿಣದ ಗುಳಿಗೆ, ಆಮೇಲೆ ಓಟ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪನ್ನು ನಮ್ಮ ಹೆಣ್ಣುಮಕ್ಕಳ ತಂಡವೂ ಗೆದ್ದಿತು, ಗಂಡುಮಕ್ಕಳ ತಂಡವೂ ಗೆದ್ದಿತು. ಆ ಆಟಕ್ಕೆ ಬೇಕಾದದ್ದು ಎರಡು ಕಂಬ ಮತ್ತು ಒಂದು ತುಂಡು ನೆಲ.

ಆ ಒಂದು ತುಂಡು ನೆಲ ಎಲ್ಲಿದೆ? ಗಿರಣಿಯ ಹಿರಿಯರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ಪರೇಲ್, ಲಾಲ್‌ಬಾಗ್ ಕಡೆ ಗಲ್ಲಿಗಲ್ಲಿಗೂ ಕಬಡ್ಡಿ ಇತ್ತು. 1982ರ ಮುಷ್ಕರದ ಬಳಿಕ ಒಂದೊಂದಾಗಿ ಗಿರಣಿಗಳು ಮುಚ್ಚಿದವು. ಸುಮಾರು ಆರುನೂರು ಎಕರೆ ಜಮೀನು. 1991ರ ನಗರಾಭಿವೃದ್ಧಿ ನಿಯಮಾವಳಿಯ 58ನೆಯ ನಿಯಮದಂತೆ, ಆ ಜಮೀನನ್ನು ಬೇರೆ ಉಪಯೋಗಕ್ಕೆ ತೆಗೆದಾಗ ಮೂರರಲ್ಲಿ ಒಂದು ಪಾಲು ಬಯಲು ಜಾಗಕ್ಕಾಗಿ ನಗರಪಾಲಿಕೆಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಮಾಲಿಕರಿಗೆ ಎಂದಿತ್ತು. 2001ರಲ್ಲಿ ಸರಕಾರ ಅದನ್ನು ತಿದ್ದಿ, ಕಟ್ಟಡವಿಲ್ಲದೆ ಖಾಲಿ ಬಿದ್ದ ಜಾಗಕ್ಕೆ ಮಾತ್ರ ಈ ಪಾಲು ಎಂದಿತು. ಗಿರಣಿಯೊಳಗೆ ಖಾಲಿ ಜಾಗ ಎಷ್ಟಿತ್ತು ಎಂಬುದು ಅಲ್ಲಿ ದುಡಿದವರಿಗೆ ಗೊತ್ತು. 2005ರಲ್ಲಿ ಹೈಕೋರ್ಟು ಇದನ್ನು ಒಪ್ಪಲಿಲ್ಲ. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಮ್ಮ ಮಕ್ಕಳು ಓಡಬಹುದಾಗಿದ್ದ ಎಷ್ಟೋ ನೆಲದ ಮೇಲೆ ಈಗ ಮಾಲುಗಳೂ ಗೋಪುರಗಳೂ ನಿಂತಿವೆ. ಮಕ್ಕಳು ಆಡುವುದಿಲ್ಲ, ಮೊಬೈಲಿಗೆ ಅಂಟಿಕೊಂಡಿದ್ದಾರೆ ಎಂದು ಪತ್ರಿಕೆಗಳು ಬರೆಯುವಾಗ ಈ ಲೆಕ್ಕವನ್ನೂ ಬರೆಯಬೇಕು.

ಹೋದದ್ದು ಹೋಯಿತು, ಇದ್ದದ್ದನ್ನು ಕೇಳಿ ಪಡೆಯೋಣ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದು ಬರೆದಿದೆ. ಮೈದಾನವಿರುವ ಶಾಲೆಗಳು ಸಂಜೆ ಬೀಗ ಹಾಕುತ್ತವೆ. ಆ ಬೀಗವನ್ನು ದಿನಕ್ಕೆ ಒಂದು ಗಂಟೆ ತೆಗೆಯಬೇಕೆಂದು ಸಂಘದ ವತಿಯಿಂದ ಅರ್ಜಿ ಬರೆದಿದ್ದೇವೆ. ಬಾಗಿಲಲ್ಲಿ ಇಟ್ಟಿದೆ, ಎಲ್ಲರೂ ಸಹಿ ಹಾಕಿ ಹೋಗಬೇಕು. ಮೈದಾನ ಸಿಗುವ ತನಕ ಚಾಳಿನ ಅಂಗಳ, ಕಟ್ಟಡದ ಗಚ್ಚಿ, ಹಗ್ಗ. ಹತ್ತಿರದ ಶಾಲೆಗೆ ರಿಕ್ಷಾ ಬಿಟ್ಟು ನಡಿಗೆ. ದೊಡ್ಡ ರಸ್ತೆಯ ಪಕ್ಕದಲ್ಲಿ ಮಾತ್ರ ಓಡಿಸಬೇಡಿ. ಚಳಿಗಾಲದಲ್ಲಿ ಹೊಗೆ ಕವಿದ ದಿನ ಮನೆಯ ಹತ್ತಿರವೇ ಆಡಲಿ.

ಹೋಟೆಲಿನ ಬಂಧುಗಳಿಗೆ ಮಧ್ಯಾಹ್ನ ಮೂರರಿಂದ ಐದರ ತನಕ ಬಿಡುವು ಇರುತ್ತದೆ. ಆ ಹೊತ್ತಿನ ನಿದ್ದೆಯ ಬೆಲೆ ನನಗೆ ಗೊತ್ತು, ಅದನ್ನು ಪೂರ್ತಿ ಕೇಳುವುದಿಲ್ಲ. ಒಬ್ಬೊಬ್ಬರು ವಾರಕ್ಕೆ ಒಂದು ದಿನ, ನಾಲ್ಕರಿಂದ ಐದು. ಹದಿನಾಲ್ಕು ಜನ ಹೆಸರು ಕೊಟ್ಟರೆ ದಿನಕ್ಕೆ ಇಬ್ಬರು ಆಗುತ್ತಾರೆ. ಹುಡುಗಿಯರ ಪಂಗಡದ ಜೊತೆಗೆ ಇಬ್ಬರು ತಾಯಂದಿರು ನಿಲ್ಲಬೇಕು. ಬಿಸಿಲಿನ ತಿಂಗಳುಗಳಲ್ಲಿ ಮಾತ್ರ ಆ ಗಂಟೆಯನ್ನು ಬೆಳಿಗ್ಗೆಗೆ ಬದಲಿಸೋಣ.

ಮೊದಲ ದಿನವೇ ದಮ್ಮಿನ ಪರೀಕ್ಷೆ ಮಾಡೋಣ. ಕೆನಡಾದ ಲೂಕ್ ಲೆಜೆ ಎಂಬವರು 1982ರಲ್ಲಿ ಹೊರತಂದ ಪದ್ಧತಿ ಇದು. ಇಪ್ಪತ್ತು ಮೀಟರ್ ಅಂತರದಲ್ಲಿ ಎರಡು ಗೆರೆ. ಮೊಬೈಲಿನಿಂದ ಬರುವ ಗಂಟೆಯ ಸದ್ದಿನ ಜೊತೆಗೆ ಆಚೆ ಈಚೆ ಓಟ. ಮೊದಲು ಗಂಟೆಗೆ ಎಂಟೂವರೆ ಕಿಲೋಮೀಟರ್ ವೇಗ, ಪ್ರತಿ ನಿಮಿಷಕ್ಕೆ ಅರ್ಧ ಕಿಲೋಮೀಟರ್ ಹೆಚ್ಚುತ್ತಾ ಹೋಗುತ್ತದೆ. ಸದ್ದಿಗೆ ಸರಿಯಾಗಿ ಗೆರೆ ಮುಟ್ಟಲಾರದ ಮಗು ನಿಲ್ಲುತ್ತದೆ. ಅದು ಎಷ್ಟು ಸುತ್ತು ಎಂದು ಬರೆದಿಟ್ಟು, ಮೂರು ತಿಂಗಳ ಬಳಿಕ ಮತ್ತೆ ನೋಡುವುದು. ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಮುಂದೆ ಓದಬಾರದು. ಅಳತೆಯ ಟೇಪು ಸಂಘದಲ್ಲಿದೆ. ಸೀಮೆಸುಣ್ಣವನ್ನು ನಾನು ತರುತ್ತೇನೆ. ಉಬ್ಬಸ ಇರುವ ಮಕ್ಕಳು, ಹೃದಯದ ದೋಷ ಇರುವ ಮಕ್ಕಳು, ಓಡುವಾಗ ಎದೆ ನೋವು ಅಥವಾ ತಲೆ ಸುತ್ತು ಬಂದ ಮಕ್ಕಳು ಯಾರಾದರೂ ಇದ್ದರೆ ಡಾಕ್ಟರರಿಗೆ ತೋರಿಸಿ ಚೀಟಿ ತನ್ನಿ. ಅವರನ್ನು ಬಿಟ್ಟುಬಿಡುವುದಿಲ್ಲ, ಅವರಿಗೆ ತಕ್ಕಂತೆ ಆಡಿಸುತ್ತೇವೆ. ಹೆಸರು ಕೊಡುವವರು ಈಗಲೇ ಕಾರ್ಯದರ್ಶಿಗಳ ಮೇಜಿನ ಬಳಿ ಬನ್ನಿ. ಮಂಗಳವಾರಕ್ಕೂ ಶುಕ್ರವಾರಕ್ಕೂ ಜನ ಸಿಕ್ಕಿದ್ದಾರೆ, ಉಳಿದ ಐದು ದಿನ ಖಾಲಿ ಇದೆ.